ಮೌಶಿ ತೋರಿಸಿದ ಅಕ್ಷರಗಳು

ಅಥವಾ ಮೂರೇ ಅಕ್ಷರಗಳಿದ್ದವೋ ಏನೋ. ನಾಲ್ಕನೆಯದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಆರ್, ಇ, ಟಿ, ಇಷ್ಟರ ಬಗ್ಗೆ ನನಗೂ ತಮ್ಮನಿಗೂ ತಕರಾರಿಲ್ಲ. ಮೌಶಿಯ ಎಡಗೈ ಬೆರಳು ಆರ್ ಮೇಲೆ ಕೂತಿತು, ಅಲ್ಲಿಂದ ಎದ್ದು ಇ ಮೇಲೆ, ಆಮೇಲೆ ಕೆಳಗಿನ ಸಾಲಿನ ಟಿ ಮೇಲೆ. ಅದಾದ ಮೇಲೆ ಬೆರಳು ಎಚ್ ಮತ್ತು ಐ ನಡುವಿನ ಗೆರೆಯ ಹತ್ತಿರ ಎಲ್ಲೋ ನಿಂತಿತು. ನಿಂತಿತು ಎನ್ನುವುದೂ ನನ್ನ ಮಾತು. ತಮ್ಮ ಹೇಳುವಂತೆ ಅದು ನಿಲ್ಲಲಿಲ್ಲ, ಜಾರಿತು. ಅವನು ಆಗ ಆಸ್ಪತ್ರೆಯ ಹಾಸಿಗೆಯ ಕಾಲ ಬಳಿ ಇದ್ದ. ನಾನು ಅಕ್ಷರಗಳ ಪಟ ಹಿಡಿದುಕೊಂಡಿದ್ದೆ, ಅಂದರೆ ಪಟದ ಹಿಂದೆ ಇದ್ದೆ, ಬೆರಳನ್ನು ಬಗ್ಗಿ ನೋಡಬೇಕಿತ್ತು. ನಮ್ಮಿಬ್ಬರಲ್ಲಿ ಯಾರಿಗೆ ಚೆನ್ನಾಗಿ ಕಂಡಿರಬಹುದು ಎಂದು ಬೇರೆಯವರು ಹೇಳಲಾರರು, ಏಕೆಂದರೆ ಬೇರೆ ಯಾರೂ ಇರಲಿಲ್ಲ.

ಪಟ ಎಂದರೆ ಮಕ್ಕಳದ್ದು. ಆಸ್ಪತ್ರೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ್ದು ಅದೊಂದೇ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಪ್ರತಿಯೊಂದರ ಪಕ್ಕ ಒಂದು ಬಣ್ಣದ ಚಿತ್ರ. ಕನ್ನಡದ ವರ್ಣಮಾಲೆ ಹೈದರಾಬಾದಿನ ಆ ಗಲ್ಲಿಯಲ್ಲಿ ಎಲ್ಲಿ ಸಿಗಬೇಕು? ತೆಲುಗಿನದು ಇತ್ತು. ಇಂಗ್ಲಿಷೇ ಸಾಕು ಎಂದೆ. ಮೌಶಿಗೆ ಇಂಗ್ಲಿಷ್ ಅಕ್ಷರಗಳೆಂದರೆ ಎಷ್ಟು ಪ್ರೀತಿಯೆಂದು ನನಗೆ ಗೊತ್ತಿತ್ತು.

ಮೌಶಿ ನಮ್ಮ ಅವ್ವನ ತಂಗಿ. ಅವ್ವ ಹೋದಾಗ ನನಗೆ ಸ್ವಲ್ಪ ತಿಳಿವಳಿಕೆ ಬಂದಿತ್ತು, ತಮ್ಮನಿಗೆ ಬಂದಿರಲಿಲ್ಲ. ಕಲಬುರಗಿಯಿಂದ ಬಂದು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಮೌಶಿ ನಮ್ಮಿಬ್ಬರನ್ನೂ ತನ್ನ ಕಾಚಿಗೂಡದ ಬಾಡಿಗೆ ಮನೆಗೆ ಕರೆದುಕೊಂಡಳು. ಅವಳು ಓದಿದ್ದು ಕನ್ನಡದಲ್ಲಿ. ಕಚೇರಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯ ಒಡೆಯನೊಡನೆ ಉರ್ದುವಿನಂಥದ್ದೇನೋ. ಇಂಗ್ಲಿಷ್ ಮಾತಾಡುತ್ತಿರಲಿಲ್ಲ. ಆದರೆ ಸಂಜೆ ಕಚೇರಿಯಿಂದ ಬರುವಾಗ ಅಲ್ಲಿ ಎಲ್ಲರೂ ಓದಿ ಮಡಚಿಟ್ಟ ಇಂಗ್ಲಿಷ್ ಪೇಪರನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಅದರ ಕೊನೆಯ ಪುಟಗಳಲ್ಲಿ ಒಂದು ಚೌಕ, ಚೌಕದಲ್ಲಿ ಒಂಬತ್ತು ಅಕ್ಷರ. ಅವುಗಳಿಂದ ಪದಗಳನ್ನು ಹುಡುಕಬೇಕು.

ಹುಡುಕುವ ಆಟ ಎಲ್ಲರ ಮನೆಯಲ್ಲೂ ಇರಬಹುದು. ನಮ್ಮ ಮನೆಯ ರೂಢಿ ಬೇರೆ. ಸಿಕ್ಕ ಪದವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಚೌಕವನ್ನು ತೋರಿಸದೆ, ಪದದೊಳಗಿನ ಮೂರೋ ನಾಲ್ಕೋ ಅಕ್ಷರಗಳನ್ನು ಮಾತ್ರ, ಹಿಂದುಮುಂದಾಗಿ, ಕೊಡಬೇಕು. ಆ ಅಕ್ಷರಗಳಿರುವ ಪದ ಯಾವುದೆಂದು ಉಳಿದವರು ಕಂಡುಹಿಡಿಯಬೇಕು. ಸರಿಯಾದರೆ ಮೌಶಿ ತಲೆಯಾಡಿಸುತ್ತಿದ್ದಳು. ತಪ್ಪಾದರೆ ಏನೂ ಇಲ್ಲ, ಸುಮ್ಮನೆ ಚಹಾ ಕುಡಿಯುತ್ತಿದ್ದಳು. ಸೋತೆ ಎಂದರೂ ಹೇಳುತ್ತಿರಲಿಲ್ಲ.

"ಟಿ, ಎಂ, ಆರ್. ಹುಡುಕ ಶಾಣೇಕಿ."

"ಮಾರ್ಕೆಟ್."

ಚಹಾ.

"ಮದರ್. ಸ್ಟಾರ್ಮ್. ಮೌಶಿ, ಸೋತ್ನಿ, ಹೇಳ."

"ಹೇಳೂದಾಗಿದ್ರ ಅಕ್ಷರ ಯಾಕ ಕೊಡ್ತಿದ್ದೆ? ಉತ್ತರ ಹೇಳಿದ್ರ ಆಟ ಸತ್ತಂಗ."

ಮರುದಿನ ಬರುವ ಪೇಪರಿನಲ್ಲಿ ಉತ್ತರ ಇರುತ್ತಿತ್ತು. ಮೌಶಿ ಆ ಮೂಲೆಯನ್ನು ನೋಡದೆಯೇ ಹರಿದು ಒಲೆ ಕಟ್ಟೆ ಒರೆಸುತ್ತಿದ್ದಳು. ಟಿ, ಎಂ, ಆರ್ ಇರುವ ಆ ಪದ ಟ್ಯಾಮರಿಂಡ್ ಇರಬೇಕೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಕೊಂಡಾಪುರದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ಪ್ಯಾಕೆಟ್ಟಿನ ಮುಂದೆ. ಅಲ್ಲಿಂದಲೇ ಫೋನು ಮಾಡಿದೆ. ಯಾವ ಆಟ, ಯಾವ ಪದ ಎಂದು ಅವಳಿಗೆ ನೆನಪೇ ಇರಲಿಲ್ಲ. "ಇರಬೇಕು ತಗೋ" ಎಂದು ನಕ್ಕಳು.

ಇನ್ನೊಂದನ್ನೂ ಹೇಳಬೇಕು. ಅವಳಿಗೆ ಪದಗಳ ಅರ್ಥ ಗೊತ್ತಿರಲೇಬೇಕೆಂದಿರಲಿಲ್ಲ. ಬಸ್ಸಿನ ಮೇಲೆ, ಔಷಧದ ಡಬ್ಬಿಯ ಮೇಲೆ, ಕಚೇರಿಯ ನೋಟೀಸಿನಲ್ಲಿ ಒಮ್ಮೆ ಕಂಡ ಪದದ ಆಕಾರ ಅವಳ ತಲೆಯಲ್ಲಿ ಉಳಿಯುತ್ತಿತ್ತು. ಒಂದು ಸಂಜೆ ಅವಳು ಕೊಟ್ಟ ಅಕ್ಷರಗಳಿಂದ ನಾನು ಗ್ಯಾಲೋಸ್ ಎಂಬ ಪದ ಹಿಡಿದೆ. ತಲೆಯಾಡಿಸಿದಳು. ಹಾಗಂದರೇನು ಮೌಶಿ ಎಂದೆ.

"ಮ್ಯಾಲಿನ ಗ್ಯಾಲರಿ ಗೀಲರಿ ಇರಬೇಕು. ಅರ್ಥ ನಿಮ್ಮ ಸಾಲಿ ಟೀಚರ್‌ನ ಕೇಳ್ರಿ. ಹುಡುಕೂದಷ್ಟ ನನ್ನ ಕೆಲಸ."

ನಿಘಂಟು ನೋಡಿ, ನೇಣುಗಂಬ ಎಂದು ಹೇಳಿದೆ. ಅವಳು ಪೇಪರನ್ನು ಸ್ವಲ್ಪ ದೂರ ಹಿಡಿದು ನೋಡಿದಳು.

"ಹೌದಾ? ಅಕ್ಷರ ಮಾತ್ರ ಭಾಳ ಛಂದ ಅದಾವು ನೋಡು."

ಈ ಮಾತು ನಿಜವಾಗಿ ಹೀಗೆಯೇ ಆಡಿದಳೇ? ಆಸ್ಪತ್ರೆಯ ದಿನಗಳ ನಂತರ ನನ್ನ ನೆನಪು ಹಳೆಯದನ್ನೆಲ್ಲ ಒಂದೇ ಕಡೆಗೆ ಬಾಗಿಸುತ್ತಿದೆ ಎಂಬ ಅನುಮಾನ ನನಗಿದೆ. ಬೇರೆ ನೂರಾರು ಸಂಜೆಗಳಲ್ಲಿ ಅವಳು ಬರೀ ಬಜ್ಜಿ ಕರಿದಿರಬಹುದು, ನೀರು ಬಂದಿಲ್ಲವೆಂದು ಬೈದಿರಬಹುದು. ಅವು ನೆನಪಿಗೆ ಬರುವುದಿಲ್ಲ. ಬರುವವೆಲ್ಲ ಅಕ್ಷರದ ಸಂಜೆಗಳೇ.

ನಿವೃತ್ತಿಯಾದ ಮೇಲೂ ಮೌಶಿ ಕಾಚಿಗೂಡದ ಮನೆ ಬಿಡಲಿಲ್ಲ. ಲಕ್ವ ಹೊಡೆದದ್ದು ಅಲ್ಲಿಯೇ. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಅದರ ಮೇಲೆ ಒಂದು ನ್ಯುಮೋನಿಯಾ. ಬಾಯಿಯಿಂದ ಗಂಟಲಿಗೆ ನಳಿಗೆ ಇಳಿಸಿ ಯಂತ್ರದ ಉಸಿರು ಕೊಟ್ಟರು. ಅದು ಜನವರಿ ಎನ್ನುತ್ತಾನೆ ತಮ್ಮ. ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆಯ ವಸ್ತುಪ್ರದರ್ಶನ, ನುಮಾಯಿಶ್, ನಡೆದಿತ್ತು, ಅದರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಬರಲು ತಡವಾಯಿತು ಎಂಬುದು ಅವನ ಸಾಕ್ಷಿ. ನನ್ನ ನೆನಪಿನಲ್ಲಿ ಆಸ್ಪತ್ರೆಯ ಗೇಟಿನ ಹೊರಗೆ ಮಾವಿನಹಣ್ಣಿನ ಬಂಡಿ ಇದೆ. ಜನವರಿಯಲ್ಲಿ ಮಾವು ಎಲ್ಲಿಂದ? ಬಂಡಿ ಮಾತ್ರ ಹೋಗುವುದಿಲ್ಲ.

ಆ ವಾರ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬಾಯಿಯ ನಳಿಗೆಯನ್ನು ಇನ್ನು ಹೆಚ್ಚು ಕಾಲ ಬಿಡುವ ಹಾಗಿಲ್ಲ. ಒಂದೋ, ಥಿಯೇಟರಿಗೆ ಒಯ್ದು ಕತ್ತಿನ ಮುಂದೆ ಗಂಟಲಿಗೆ ತೂತು ಮಾಡಿ ಅಲ್ಲಿಂದ ಉಸಿರು ಕೊಡಬೇಕು. ಹಾಗೆ ಬದುಕಬಹುದು, ಆದರೆ ಹಾಸಿಗೆ ಬಿಟ್ಟು ಏಳುವುದು, ಮಾತಾಡುವುದು ಇನ್ನಿಲ್ಲವೆಂದೇ ತಿಳಿಯಬೇಕು. ಇಲ್ಲವೇ, ನಳಿಗೆ ತೆಗೆದು ನೋಡುವುದು. ತಾನಾಗಿ ಉಸಿರಾಡಿದರೆ ಆಡಿದರು. ಆಡದಿದ್ದರೆ ಮತ್ತೆ ನಳಿಗೆ ಹಾಕುವುದಿಲ್ಲ ಎಂದು ಮೊದಲೇ ನಿರ್ಧರಿಸಿರಬೇಕು.

"ಅವರಿಗೆ ಎಚ್ಚರ ಐತಲ್ರಿ" ಎಂದು ತಮ್ಮ ಕನ್ನಡದಲ್ಲೇ ಕೇಳಿಬಿಟ್ಟ. ಆಮೇಲೆ ಹಿಂದಿಯಲ್ಲಿ ಕೇಳಿದ.

ಬೆಳಗ್ಗೆ ನಿದ್ದೆಯ ಔಷಧ ಕಡಿಮೆ ಮಾಡಿದಾಗ ಸ್ವಲ್ಪ ಹೊತ್ತು ಎಚ್ಚರವಿರುತ್ತದೆ, ಬೇಕಾದರೆ ಅವರನ್ನೇ ಕೇಳಿ ಎಂದರು ಡಾಕ್ಟರು. ಲಕ್ವದ ನಂತರ ಅಕ್ಷರಗಳು ಅವರಿಗೆ ಅಕ್ಷರಗಳಾಗಿಯೇ ಕಾಣುತ್ತಿವೆಯೋ ಇಲ್ಲವೋ ಖಾತ್ರಿ ಹೇಳಲಾಗದು ಎಂದೂ ಹೇಳಿದರು. ಈ ಎರಡನೆಯ ಮಾತು ಆ ಹೊತ್ತಿಗೆ ನಮ್ಮ ಕಿವಿಗೆ ಬಿದ್ದ ಹಾಗೆ ನನಗೆ ನೆನಪಿಲ್ಲ. ಬಿದ್ದಿರಲೇಬೇಕು, ಇಲ್ಲದಿದ್ದರೆ ಈಗ ಎಲ್ಲಿಂದ ಬಂತು?

ಮರುಬೆಳಗ್ಗೆ ನಾನು ಅವಳ ಕಿವಿಯ ಹತ್ತಿರ ಬಾಗಿ ಎರಡು ದಾರಿಗಳನ್ನೂ ಬಿಡಿಸಿ ಹೇಳಿದೆ. ಥಿಯೇಟರಿಗೆ ಒಯ್ದು ಗಂಟಲಿಗೆ ತೂತು, ಇಲ್ಲವೇ ನಳಿಗೆ ತೆಗೆಯುವುದು. ತೆಗೆದರೆ ಏನಾಗಬಹುದು ಎಂಬುದನ್ನೂ ಹೇಳಿದೆ. ಅವಳು ಕಣ್ಣು ಬಿಟ್ಟು ಕೇಳಿದಳು. ತಲೆಯಾಡಿಸುವ ಹಾಗಿರಲಿಲ್ಲ, ನಳಿಗೆ ಅಲುಗದ ಹಾಗೆ ಪಟ್ಟಿ ಬಿಗಿದಿದ್ದರು. ಎಡಗೈಗೆ ಪೆನ್ನು ಕೊಟ್ಟರೆ ಜಾರಿ ಬಿತ್ತು. ಆಗ ಪಟ ಹಿಡಿದೆ. ಆರ್, ಇ, ಟಿ. ಆಮೇಲೆ ಎಚ್. ಅಥವಾ ಐ. ಅಥವಾ ಏನೂ ಇಲ್ಲ. ಕೈ ಕೆಳಗೆ ಬಿತ್ತು, ಕಣ್ಣು ಮುಚ್ಚಿತು, ನಮ್ಮ ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಂದಳು.

ಬೇರೆ ಯಾವ ಮನೆಯವರಾದರೂ ಇದು ಒಂದು ಪದದ ಆರಂಭ, ಹೇಳಿ ಮುಗಿಸುವಷ್ಟರಲ್ಲಿ ದಣಿದಳು ಎಂದುಕೊಳ್ಳುತ್ತಿದ್ದರು. ನಮ್ಮಿಬ್ಬರಿಗೆ ಅದು ಹೊಳೆಯಲೇ ಇಲ್ಲ. ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ಕೂತು ನಾವು ಪದ ಹುಡುಕತೊಡಗಿದೆವು. ಒಳಗೆ ಎಲ್ಲಾದರೂ ಆರ್, ಇ, ಟಿ ಇರುವ ಪದ. ಮೌಶಿ ಅಕ್ಷರ ಕೊಟ್ಟಿದ್ದಳು, ಅಷ್ಟೇ. ನಾವು ಹುಡುಕಬೇಕು, ಅಷ್ಟೇ.

"ರೆಸ್ಟ್" ಎಂದೆ ನಾನು.

"ಟ್ರೀಟ್‌ಮೆಂಟ್" ಎಂದ ತಮ್ಮ.

"ವಾಟರ್. ಬಾಯಿ ಒಣಗಿರಬೇಕು."

"ರಿಟರ್ನ್. ಮನಿಗೆ ಹೋಗೋಣು ಅಂತಿರಬೇಕು. ಅಕ್ಕಾ, ನಾಕನೇದು ಎಚ್ ಇತ್ತು ಅಂದಿ ಅಲ್ಲ?"

"ಎಚ್ ಇಲ್ಲಾ ಐ."

"ಎಚ್ ಆದ್ರ ಥಿಯೇಟರ್! ಡಾಕ್ಟರ್ ಥಿಯೇಟರ್ ಅಂದಿದ್ರು, ನೀನೂ ಅಂದಿ. ಅದನ್ನ ಹೇಳ್ಯಾಳ. ಆಪರೇಷನ್ ಮಾಡಸ್ರಿ ಅಂತ."

"ನೀ ಜಾರ್ತು ಅಂದಿದ್ದಿ ಬೆರಳು."

"ಜಾರಿದ್ರೂ ಎಚ್ ಮ್ಯಾಲೇ ಜಾರೇತಿ."

ಎಚ್ ಆದರೆ ಬ್ರೀದ್ ಕೂಡ ಆಗುತ್ತದೆ, ಹಾರ್ಟ್ ಕೂಡ, ಮದರ್ ಕೂಡ. ಐ ಆದರೆ ಟೈರ್ಡ್. ಐ ಆದರೆ ಪರ್ಮಿಟ್, ರಿಟೈರ್, ಸಿಸ್ಟರ್. ಸಿಸ್ಟರ್ ಎಂದರೆ ನಮ್ಮ ಅವ್ವನೋ, ಅಲ್ಲಿ ಓಡಾಡುತ್ತಿದ್ದ ನರ್ಸೋ? ಕನ್ನಡದಲ್ಲಿ ಬರೆಯುವಾಗ ಈ ಪದಗಳ ಒಳಗೆ ಆ ಅಕ್ಷರಗಳು ಕಾಣುವುದಿಲ್ಲ, ಓದುವವರು ನನ್ನನ್ನು ನಂಬಬೇಕಾಗುತ್ತದೆ. ಕಾಣುವ ಲಿಪಿಯಲ್ಲೂ ಅಂದು ನಮಗೆ ಹೆಚ್ಚೇನೂ ಕಂಡಿರಲಿಲ್ಲ.

ನಮ್ಮ ಜಗಳ ಕೇಳಿ ನರ್ಸು ಪಟವನ್ನು ಕೈಗೆ ತೆಗೆದುಕೊಂಡು ನೋಡಿದಳು. ಚಿಕ್ಕ ವಯಸ್ಸಿನವಳು, ತೆಲುಗಿನವಳು.

"ಅಕ್ಷರಾಲು ಕಾದೇಮೋ ಮೇಡಂ, ಬೊಮ್ಮಲು ಚೂಪಿಂಚಾರೇಮೋ."

ಅಕ್ಷರಗಳನ್ನಲ್ಲ, ಚಿತ್ರಗಳನ್ನು ತೋರಿಸಿರಬಹುದು ಎನ್ನುತ್ತಿದ್ದಳು. ಆರ್ ಪಕ್ಕ ಗುಲಾಬಿ, ಇ ಪಕ್ಕ ಆನೆ, ಟಿ ಪಕ್ಕ ರೈಲು. ಎಚ್ ಪಕ್ಕ ಮನೆ, ಐ ಪಕ್ಕ ಐಸ್‌ಕ್ರೀಮು. ರೈಲು ಮತ್ತು ಮನೆ ಎಂದರೆ ಏನೋ ಅರ್ಥವಾದೀತು. ಗುಲಾಬಿಯನ್ನು, ಆನೆಯನ್ನು ಎಲ್ಲಿಡುವುದು? "ಐಸ್‌ಕ್ರೀಮ್ ಇಷ್ಟಮಾ ಅಮ್ಮಗಾರಿಕಿ?" ಎಂದು ಕೇಳಿದಳು. ಮೌಶಿಗೆ ಐಸ್‌ಕ್ರೀಮು ಇಷ್ಟವೇ ಎಂದು. ನಮಗೆ ಕೊಡಿಸುತ್ತಿದ್ದಳು, ಅವಳು ತಿಂದದ್ದು ನೆನಪಿಗೆ ಬರಲಿಲ್ಲ.

ಸಂಜೆಯ ಭೇಟಿಯ ಹೊತ್ತಿಗೆ ಮೌಶಿಗೆ ಮತ್ತೆ ನಿದ್ದೆಯ ಔಷಧ ಏರಿತ್ತು. ಸರಿಯಾದ ಪದಕ್ಕೆ ಕೈ ಒತ್ತು ಎಂದು ಹೇಳಿ, ಅವಳ ಎಡಗೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಒಂದೊಂದಾಗಿ ಹೇಳುತ್ತ ಹೋದೆ. ರೆಸ್ಟ್. ವಾಟರ್. ಟೈರ್ಡ್. ಟೈರ್ಡ್ ಎಂದಾಗ ಕೈ ಒತ್ತಿತು ಎಂದು ನನ್ನ ಕೈ ಹೇಳುತ್ತದೆ. ಥಿಯೇಟರ್ ಎಂದಾಗಲೂ ಒತ್ತಿತು. ಅದನ್ನು ತಮ್ಮ ಕಣ್ಣಾರೆ ನೋಡಿದ. ನಾನು ಸುಮ್ಮನಿದ್ದಾಗಲೂ ಒಮ್ಮೆ ಒತ್ತಿತು. ಅದನ್ನು ಅವನಿಗೆ ಹೇಳಿದೆ. ಅವನು, "ಅಕ್ಕಾ, ಸಾಕು. ಇದು ಆಟ ಅಲ್ಲ" ಎಂದ.

ಮರುದಿನ ಥಿಯೇಟರಿಗೆ ಒಯ್ದರು. ಇಬ್ಬರೂ ಸೇರಿಯೇ ಒಪ್ಪಿದೆವು. ಆ ದಿನದ ನಮ್ಮಿಬ್ಬರ ಮಾತುಗಳಲ್ಲಿ ಯಾವುದೂ ನನಗೆ ನೆನಪಿಲ್ಲ. ಹಿಂದಿನ ದಿನದ ಪದಗಳೆಲ್ಲ ನೆನಪಿವೆ.

ಮೌಶಿ ಬದುಕಿದಳು. ಅವಳನ್ನು ತಮ್ಮನ ಕೊಂಡಾಪುರದ ಫ್ಲ್ಯಾಟಿಗೆ ತಂದೆವು. ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಸಲಿಲ್ಲ, ಕುರ್ಚಿಯಲ್ಲಿ ಕೂರಿಸಿ ತಂದರು. ಕಿಟಕಿಯ ಹೊರಗೆ ಮೆಟ್ಟಿಲುಮೆಟ್ಟಿಲಾಗಿ ಗಾಜಿನ ಕಟ್ಟಡಗಳು, ಅವುಗಳ ನೆತ್ತಿಯ ಮೇಲೆ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರಗಳು. ಹಾಸಿಗೆಯನ್ನು ಅವು ಕಾಣುವ ಹಾಗೆ ತಿರುಗಿಸಿ ಹಾಕಿದೆ. ಅವಳು ನೋಡುತ್ತಿದ್ದಳೋ ಇಲ್ಲವೋ. ಕತ್ತಿನ ತೂತಿನಿಂದ ಉಸಿರು ಸೀಟಿಯಂತೆ ಬರುತ್ತಿತ್ತು. ಕಫ ತೆಗೆಯುವಾಗ ಅವಳ ಮುಖದಲ್ಲಿ ಆಗುತ್ತಿದ್ದುದನ್ನು ಬರೆಯಲಾರೆ. ನಾನು ಅಲ್ಲಿ ನಿಲ್ಲುತ್ತಿದ್ದೆ. ನೋಡುತ್ತಿದ್ದೆನೋ, ಕಣ್ಣು ಬೇರೆಡೆ ಇಡುತ್ತಿದ್ದೆನೋ, ದಿನದಿಂದ ದಿನಕ್ಕೆ ಬೇರೆ ಬೇರೆ.

ಈಗ ಎಚ್ಚರವಿತ್ತು, ತಲೆಯೂ ಆಡುತ್ತಿತ್ತು. ಕೇಳುವುದು ಸುಲಭವೆಂದುಕೊಂಡೆವು. ತಮ್ಮನೇ ಮೊದಲು ಕೇಳಿದ.

"ಮೌಶಿ, ನೀ ದವಾಖಾನ್ಯಾಗ ಅಕ್ಷರ ತೋರಿಸಿದ್ದಿ. ಇದನ್ನ ಹೇಳಿದ್ದಿ ಹೌದಲ್ಲ? ಆಪರೇಷನ್ ಮಾಡಸ್ರಿ ಅಂತ?"

ಅವಳು ಅವನನ್ನು ನೋಡಿದಳು. ತಲೆಯಾಡಿಸಲಿಲ್ಲ. ಆಮೇಲೆ ನಾನು ಕೇಳಿದೆ, ಬೇಡ ಅಂದಿದ್ದಿಯೇನು? ನನ್ನನ್ನು ನೋಡಿದಳು. ಆಗಲೂ ತಲೆಯಾಡಿಸಲಿಲ್ಲ. ಪಟ ಹಿಡಿದರೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಬಿಳಿ ಹಾಳೆಯ ಮೇಲೆ ಕನ್ನಡದ ಅಕ್ಷರಗಳನ್ನು ದಪ್ಪಗೆ ಬರೆದು ಹಿಡಿದೆ, ಅದಕ್ಕೂ ಹಾಗೆಯೇ. ನೀರು ಬೇಕೇ ಎಂದರೆ ಹೌದೆನ್ನುತ್ತಿದ್ದಳು, ಫ್ಯಾನು ಬೇಡ ಎನ್ನುತ್ತಿದ್ದಳು. ಈ ಒಂದು ಪ್ರಶ್ನೆಗೆ ಮಾತ್ರ ಗೋಡೆ.

ಕೋಪವಿತ್ತೇ? ನಾವು ತಪ್ಪು ಪದ ಹಿಡಿದಿದ್ದರೆ ಹಳೆಯ ಪದ್ಧತಿಯ ಪ್ರಕಾರ ಅವಳು ಸುಮ್ಮನಿರಬೇಕು, ಇದ್ದಳು. ಅಥವಾ ಇಷ್ಟು ಕಷ್ಟದ ಆಟದಲ್ಲಿ ಸರಿ ತಪ್ಪು ಹೇಳಿ ನಮ್ಮಿಬ್ಬರಲ್ಲಿ ಒಬ್ಬರನ್ನು ಸೋಲಿಸಲು ಮನಸ್ಸಿರಲಿಲ್ಲವೇ? ಅಥವಾ ಆ ಬೆಳಗು ಅವಳ ನೆನಪಿನಲ್ಲೇ ಉಳಿದಿರಲಿಲ್ಲವೇ? ಆ ಔಷಧ ಕೊಟ್ಟವರಿಗೆ ಎಷ್ಟೋ ದಿನಗಳು ಅಳಿಸಿಹೋಗುತ್ತವೆ ಎಂದು ಡಾಕ್ಟರು ಹೇಳಿದ್ದುಂಟು. ಹಾಗಿದ್ದರೆ ಅವಳು ನಮ್ಮನ್ನು ನೋಡಿದ್ದು ಅರ್ಥವಾಗದೆ. ಈ ಮಕ್ಕಳು ಯಾವ ಅಕ್ಷರದ ಮಾತಾಡುತ್ತಿದ್ದಾರೆ ಎಂದು.

ಮಳೆಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳ ಉಸಿರು ನಿಂತಿತು.

ಈಗ ನಾನು ಫೋನಿನಲ್ಲಿ ಹುಡುಕುತ್ತೇನೆ. ಅಕ್ಷರಗಳನ್ನು ಕೊಟ್ಟರೆ ಅವು ಇರುವ ಇಂಗ್ಲಿಷ್ ಪದಗಳನ್ನೆಲ್ಲ ತೋರಿಸುವ ಜಾಲತಾಣಗಳಿವೆ. ಮೊದಲ ಸಲ ಮೂರು ಅಕ್ಷರ ಹಾಕಿದಾಗ ಪರದೆ ತುಂಬಿ, ಕೆಳಗೆ ಎಳೆದಷ್ಟೂ ಬರುತ್ತಲೇ ಇತ್ತು. ನನಗೂ ಗೊತ್ತಿಲ್ಲದ ಪದಗಳು, ಯಾವುದೋ ಹುಳುವಿನ, ಕಲ್ಲಿನ, ಹಡಗಿನ ಭಾಗದ ಹೆಸರುಗಳು. ಮೌಶಿಗೆ ಗೊತ್ತಿರಲಾರದವನ್ನು ಮನಸ್ಸಿನಲ್ಲೇ ಬಿಡುತ್ತ ಬಂದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿದೆ. ಅವಳಿಗೆ ಯಾವುದು ಗೊತ್ತಿರಲಿಲ್ಲ ಎಂದು ನಾನು ಹೇಗೆ ಹೇಳಲಿ? ಎಚ್ ಸೇರಿಸಿದೆ, ಎಚ್ ತೆಗೆದು ಐ ಸೇರಿಸಿದೆ. ಎರಡೂ ಸೇರಿಸಿದಾಗ ಬಂದವುಗಳಲ್ಲಿ ಎರಡರಲ್ಲೊಂದು ಎನ್ನುವ ಈದರ್ ಇತ್ತು, ಎರಡೂ ಅಲ್ಲ ಎನ್ನುವ ನೈದರ್ ಇತ್ತು. ಫೋನು ಮುಚ್ಚಿಟ್ಟೆ.

ಮುಚ್ಚಿಟ್ಟರೂ ಊರು ಮುಚ್ಚುವುದಿಲ್ಲ. ಮೆಟ್ರೋದಲ್ಲಿ ಕೂತರೆ ಸೆಂಟರ್, ಟವರ್ಸ್, ಥೆರಪಿ. ಅಂಗಡಿ ಮುಂಗಟ್ಟುಗಳಲ್ಲಿ ರೆಸ್ಟೋರೆಂಟ್, ಇಂಟೀರಿಯರ್ಸ್, ಎಂಟರ್‌ಪ್ರೈಸಸ್. ಟಿ.ಎಸ್. ಹೋಗಿ ಟಿ.ಜಿ. ಬಂದ ತೆಲಂಗಾಣದ ಗಾಡಿಗಳ ನಂಬರು ಫಲಕದಲ್ಲಿ ಟಿ ಹೇಗೂ ಇರುತ್ತದೆ, ಕಣ್ಣು ಉಳಿದೆರಡನ್ನು ಹುಡುಕುತ್ತದೆ. ಒಮ್ಮೊಮ್ಮೆ ಸಿಗುತ್ತವೆ. ಸಿಕ್ಕಾಗ ಕುತ್ತಿಗೆಯ ಹಿಂದೆ ಯಾರೋ ಚಹಾದ ಬಟ್ಟಲು ಕೆಳಗಿಟ್ಟಂತೆ ಒಂದು ಸಣ್ಣ ಸದ್ದು ಕೇಳುತ್ತದೆ. ತಿರುಗಿದರೆ ಫೋನು ನೋಡುತ್ತ ನಿಂತ ಜನ.

ಕಳೆದ ಸಲ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ತುತ್ತು ಎತ್ತಿದವನು ತಟ್ಟೆಗೇ ಇಳಿಸಿದ.

"ಅಕ್ಕಾ. ರೆಟ್ಟಿ."

"ಏನು?"

"ಕನ್ನಡಾನ ಇಂಗ್ಲಿಷ್ ಅಕ್ಷರದಾಗ ತೋರಿಸಿದ್ಲೇನೋ. ಆರ್, ಇ, ಟಿ. ರೆಟ್ಟಿ. ಎಡಗೈ ರೆಟ್ಟಿಗೆ ಸೂಜಿ ಚುಚ್ಚಿದ್ರಲ್ಲ, ಬಾತಿತ್ತಲ್ಲ. ಕೈ ನೋಯಾಕತ್ತೈತಿ ಅಂತ ಹೇಳ್ತಿದ್ಲೋ ಏನೋ. ಅಷ್ಟ."

ತೋಳು ಬಾತಿದ್ದು ನನಗೆ ನೆನಪಿರಲಿಲ್ಲ. ಇದ್ದಿರಬಹುದು. ಅವನು ಹೇಳಿದ ಮೇಲೆ ಬಾತ ತೋಳು ಕಾಣತೊಡಗಿದೆ, ನೀಲಿಗಟ್ಟಿದ ಚರ್ಮ, ಅಂಟಿಸಿದ ಪಟ್ಟಿ. ಇದು ನೆನಪೋ ಅವನ ಮಾತೋ ಬೇರೆ ಮಾಡಲಾರೆ.

"ಇದನ್ನ ಅವತ್ತ ಯಾಕ ಹೇಳಲಿಲ್ಲ?" ಎಂದೆ.

"ಅವತ್ತ ಹೊಳೀಲಿಲ್ಲ. ನೀ ಥಿಯೇಟರ್ ಅಂದಿ."

"ಥಿಯೇಟರ್ ಅಂದಾವ ನೀನು."

"ನೀನು ಅಕ್ಕಾ."

ಇಬ್ಬರೂ ಜೋರಾಗಿ ಮಾತಾಡಲಿಲ್ಲ. ಅವನು ಅನ್ನಕ್ಕೆ ಸಾರು ಹಾಕಿಕೊಂಡ, ನಾನು ಮಜ್ಜಿಗೆ. ಅವನು ನಂಬಿದ್ದನ್ನು ಅವನು ನಂಬಲಿ ಎಂದುಕೊಂಡೆ, ಆದರೆ ಮೇಲೆ ಬರೆದ ಕಾರಿಡಾರಿನ ಮಾತುಗಳಲ್ಲಿ ಥಿಯೇಟರ್ ಎಂಬುದನ್ನು ಅವನ ಬಾಯಲ್ಲಿ ಇಟ್ಟವಳು ನಾನು. ಅದನ್ನು ತೆಗೆದು ನನ್ನ ಬಾಯಲ್ಲಿಟ್ಟು ಓದಿ ನೋಡಿದೆ. ಹಾಗೂ ಸರಿಯಾಗಿಯೇ ಕೇಳಿಸಿತು.

ಮೌಶಿ ಆ ಬೆಳಗ್ಗೆ ಗಂಟಲಿಗೆ ತೂತು ಬೇಕೆಂದಳೋ, ಬೇಡ ಬಿಟ್ಟುಬಿಡಿ ಎಂದಳೋ, ಅಥವಾ ನಾವು ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಏನನ್ನೋ ಕೇಳಿದಳೋ, ನನಗೆ ಗೊತ್ತಿಲ್ಲ. ಆಮೇಲಿನ ಅಷ್ಟು ತಿಂಗಳುಗಳನ್ನು ಅವಳು ಬಯಸಿ ಬದುಕಿದಳೋ, ನಾವು ಬದುಕಿಸಿದೆವೋ, ಅದೂ ಗೊತ್ತಿಲ್ಲ. ತಮ್ಮನಿಗೂ ಗೊತ್ತಿಲ್ಲ.